ಅಡಕೆ ಕತ್ತರಿ ಮತ್ತು ಕೂದಲಿನ ಮಾತ್ರೆ

ಮೋಟಾರು ವೈಂಡಿಂಗ್ ಮಾಡುವವನ ಮುಖವನ್ನು ಗಿರಾಕಿ ಹೆಚ್ಚು ನೋಡುವುದಿಲ್ಲ. ಅವನಿಗೆ ಕಾಣುವುದು ನೆತ್ತಿ. ಹೊಳೆನರಸೀಪುರದ ನನ್ನ ಅಂಗಡಿಯಲ್ಲಿ ಬೆಳಗ್ಗೆ ಎಂಟಕ್ಕೆ ಮಣೆಯ ಮೇಲೆ ಕೂತು, ಸುಟ್ಟುಹೋದ ಪಂಪ್‌ಸೆಟ್ಟನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು, ಕರಕಲಾದ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತಲು ತಲೆ ಬಗ್ಗಿಸಿದೆನೆಂದರೆ ಮತ್ತೆ ಎತ್ತುವುದು ಊಟದ ಹೊತ್ತಿಗೆ. ನಿಂತುಕೊಂಡು ಕಾಯುವ ರೈತನಿಗೆ ಬೇರೆ ನೋಡಲು ಏನೂ ಇರುವುದಿಲ್ಲ. ಅದಕ್ಕೇ ನನ್ನ ಕೂದಲು ಹೋಗುತ್ತಿದೆ ಎನ್ನುವುದು ನನಗಿಂತ ಮೊದಲು ಸುತ್ತಲ ಹತ್ತು ಹಳ್ಳಿಗೆ ಗೊತ್ತಾಯಿತು.

"ಏನಣ್ಣಾ, ಊರೋರ್ ಮೋಟ್ರೆಲ್ಲಾ ಸುತ್ತೀಯ, ನಿನ್ ನೆತ್ತಿ ಕಾಯಿಲ್ ಸುಟ್ಟೋಗೈತಲ್ಲ" ಎಂದು ಒಬ್ಬ ಅಂದ. ನಾನು ತಲೆ ಎತ್ತದೆ, "ಅದ್ಕೆ ತಂತಿ ಸಿಗ್ತಿಲ್ಲ ಕಣ್ಲಾ, ಸಿಕ್ಕುದ್ರೆ ನಿನ್ ಮೀಸೆದೇ ಕಿತ್ಕತೀನಿ" ಅಂದೆ. ಎಲ್ಲರೂ ನಕ್ಕರು. ಎಲ್ಲರೂ ಹೋದ ಮೇಲೆ ನಾನು ಅಂಗಡಿಯ ಗೋಡೆಗಿದ್ದ ಅಂಗೈಯಗಲದ ಕನ್ನಡಿಯನ್ನು ಕಿತ್ತು ಮೇಜಿನ ಖಾನೆಗೆ ಹಾಕಿದೆ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಹಾಸನದಲ್ಲಿ ಒಬ್ಬರ ಅಂಗಡಿಯಲ್ಲಿ ಎಂಟು ವರ್ಷ ಕೆಲಸ ಕಲಿತು, ತೊಂಬತ್ತರ ದಶಕದ ಶುರುವಿನಲ್ಲಿ ನನ್ನದೇ ಬೋರ್ಡು ಹಾಕಿದೆ. ನಾನು ಸುತ್ತಿದ ಮೋಟಾರಿನಲ್ಲಿ ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಕಡಿಮೆಯಿಲ್ಲ ಎಂದು ಚನ್ನರಾಯಪಟ್ಟಣದ ಕಡೆಯವರೂ ಬರುತ್ತಿದ್ದರು. ಆ ಹೆಸರು ನನ್ನ ಕೈ ಸಂಪಾದಿಸಿದ್ದು. ಅಂಥವನಿಗೆ ತಲೆಯ ಮೇಲಿನ ನಾಲ್ಕು ಕೂದಲಿನ ಚಿಂತೆ ಯಾಕೆ ಎಂದು ಈಗ ಕೇಳಬಹುದು. ಆಗ ಇತ್ತು. ಬಾಗೂರಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜಿ ನನ್ನನ್ನೇ ನೋಡಿ, "ಉಡ್ಗ ಎಲ್ಲಪ್ಪಾ, ಇಂದ್ಗಡೆ ಬಸ್ನಲ್ಲಿ ಬತ್ತಾವ್ನಾ?" ಎಂದು ಕೇಳಿತು. ಉಪ್ಪಿಟ್ಟನ್ನು ಹಾಗೇ ನುಂಗಿ ಎದ್ದುಬಂದೆ. ಮತ್ತೆ ಒಂದು ವರ್ಷ ಯಾವ ಮನೆಗೂ ಹೆಣ್ಣು ನೋಡಲು ಹೋಗಲಿಲ್ಲ.

ಕೊನೆಗೆ ಮಲ್ಲಿಪಟ್ಟಣದ ಕಡೆಯ ಹುಡುಗಿ ಒಪ್ಪಿದಳು. ಹತ್ತನೇ ಕ್ಲಾಸು ಪಾಸಾದವಳು. ಅಂಗಡಿಯ ಚೀಟಿಗಳನ್ನೆಲ್ಲ ದುಂಡಗೆ ಬರೆದುಕೊಡುತ್ತಿದ್ದಳು. ನನ್ನ ತಲೆಯ ಬಗ್ಗೆ ಒಂದು ದಿನವೂ ಒಂದು ಮಾತೂ ಆಡಲಿಲ್ಲ. ಆಡದೆ ಇದ್ದದ್ದೇ ನನಗೆ ಚುಚ್ಚುತ್ತಿತ್ತು.

ಮಾತ್ರೆಯ ಸುದ್ದಿ ತಂದವರು ಒಬ್ಬ ಮೇಷ್ಟರು. ಅರಕಲಗೂಡಿನ ಹೈಸ್ಕೂಲಿನಲ್ಲಿದ್ದು ನಿವೃತ್ತರಾಗಿ ನಮ್ಮೂರಿನ ಅಗ್ರಹಾರದ ಮನೆಗೆ ವಾಪಸಾದವರು. ಅವರ ಹಿತ್ತಲ ಬಾವಿಯ ಮೋಟಾರನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಅವರು ಟೋಪಿ ತೆಗೆದು ತಲೆ ಕೆರೆದುಕೊಂಡಾಗ ನೋಡುತ್ತೇನೆ, ಬೋಳಾಗಿದ್ದ ನೆತ್ತಿಯ ಮೇಲೆ ತೆಳ್ಳಗೆ ಬೂದು ಕೂದಲು ಎದ್ದಿದೆ.

"ಏನು ಸಾ ಹಚ್ತೀರ?" ಎಂದೆ.

"ಹಚ್ಚೋದೇನೂ ಇಲ್ಲಪ್ಪ. ರಾತ್ರಿಯೆಲ್ಲ ಮೂತ್ರಕ್ಕೆ ಏಳೋ ತೊಂದರೆ ಇತ್ತು. ಪ್ರಾಸ್ಟೇಟು ದಪ್ಪ ಆಗಿದೆ ಅಂತ ಒಂದು ಮಾತ್ರೆ ಕೊಟ್ಟರು. ಕೆಳಗಿನ ಕಾಯಿಲೆಗೆ ಕೊಟ್ಟಿದ್ದು ಮೇಲುಗಡೆ ಚಿಗುರಿಸ್ತು ನೋಡು. ನಮ್ಮ ಮನೆಯವಳಂತೂ, ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕು ಅಂತ ಇದೆಲ್ಲ, ಅಂತ ಬೈತಾಳೆ."

ಮಾರನೆಯ ದಿನವೇ ಹಾಸನದ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ತಾಳ್ಮೆಯ ಮನುಷ್ಯರು. ಗಂಡಸಿನ ಮೈಯಲ್ಲಿರುವ ಒಂದು ಹಾರ್ಮೋನು ಮೈಯೊಳಗೇ ಇನ್ನೊಂದು ಜೋರಾದ ರೂಪಕ್ಕೆ ಬದಲಾಗುತ್ತದಂತೆ. ಆ ಜೋರಿನದು ನೆತ್ತಿಯ ಕೂದಲಿನ ಬೇರನ್ನು ವರ್ಷ ವರ್ಷಕ್ಕೂ ಸಣ್ಣ ಮಾಡುತ್ತದಂತೆ. ಈ ಮಾತ್ರೆ ಮೊದಲಿನದನ್ನು ಮುಟ್ಟುವುದಿಲ್ಲ, ಬದಲಾಗುವುದನ್ನು ತಡೆಯುತ್ತದೆ. ನನಗೆ ತಕ್ಷಣ ತಿಳಿಯಿತು. ಕರೆಂಟು ನಿಲ್ಲಿಸುವುದಿಲ್ಲ, ನಡುವಿನ ಟ್ರಾನ್ಸ್‌ಫಾರ್ಮರನ್ನು ನಿಲ್ಲಿಸುತ್ತದೆ. ಹಾಗೆಂದು ಹೇಳಿದೆ. ಡಾಕ್ಟರು ನಕ್ಕು, "ನಮ್ಮ ಸ್ಟೂಡೆಂಟ್ಸ್‌ಗೂ ಹಿಂಗೇ ಹೇಳ್ತೀನಿ ಇನ್ಮೇಲೆ" ಅಂದರು. ಆ ಹೊಗಳಿಕೆಯಲ್ಲಿ ನಾನು ಉಬ್ಬಿಹೋದೆ.

"ಮೊದಲ ಎರಡು ಮೂರು ತಿಂಗಳು ಇನ್ನೂ ಉದುರಬಹುದು, ಹೆದರಬೇಡಿ. ಆರು ತಿಂಗಳಾದ ಮೇಲೆ ಗೊತ್ತಾಗುತ್ತೆ. ಕೆಲವರಿಗೆ ಬರುತ್ತೆ, ಕೆಲವರಿಗೆ ಇರೋದು ನಿಲ್ಲುತ್ತೆ ಅಷ್ಟೆ. ಬಿಟ್ಟರೆ ಒಂದು ವರ್ಷದಲ್ಲಿ ಬಂದದ್ದೆಲ್ಲ ವಾಪಸ್ ಹೋಗುತ್ತೆ. ಕೆಲವರಿಗೆ ಹೆಂಡತಿ ಮೇಲಿನ ಆಸೆ ಕಡಿಮೆ ಆಗಬಹುದು, ಹಾಗೇನಾದರೂ ಆದರೆ ಬಂದು ಹೇಳಿ" ಎಂದರು. ಆಮೇಲೆ ಬರೆಯುತ್ತಾ ಬರೆಯುತ್ತಾ ಇನ್ನೂ ಎರಡು ಮಾತು ಹೇಳಿದರು. ಅದರಲ್ಲಿ ಮುಕ್ಕಾಲು ಇಂಗ್ಲಿಷು ಇತ್ತು. ಹೆಂಡತಿ, ಪ್ರೆಗ್ನೆನ್ಸಿ, ಟ್ಯಾಬ್ಲೆಟ್ಟು ಎನ್ನುವುದು ಕಿವಿಗೆ ಬಿತ್ತು. ಕೊನೆಗೆ, "ಕ್ಲಿಯರ್?" ಅಂದರು.

"ಕ್ಲಿಯರ್ ಸಾ" ಅಂದೆ.

ಇಂಗ್ಲಿಷು ಬಂದಾಗ ತಲೆಯಾಡಿಸುವುದು ನನ್ನ ಹಳೆಯ ಅಭ್ಯಾಸ. ಕಂಪನಿಯವರು ಮೋಟಾರಿನ ವಿಷಯ ಹೇಳುವಾಗಲೂ ಹಾಗೇ ಆಡಿಸುತ್ತಿದ್ದೆ. ಆಮೇಲೆ ಬಿಚ್ಚಿ ನೋಡಿ ನಾನೇ ತಿಳಿದುಕೊಳ್ಳುತ್ತಿದ್ದೆ. ಯಾವತ್ತೂ ಮೋಸ ಹೋಗಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಎಂದು ಹೊಗಳಿಸಿಕೊಂಡ ಮೇಲಂತೂ, ಅರ್ಥವಾಗಲಿಲ್ಲ ಎನ್ನಲು ಬಾಯಿ ಬರಲಿಲ್ಲ.

ನಮ್ಮೂರ ಮೆಡಿಕಲ್ ಅಂಗಡಿಯಲ್ಲಿ ಡಾಕ್ಟರು ಬರೆದ ಒಂದು ಮಿಲಿಗ್ರಾಮಿನದು ಇರಲಿಲ್ಲ. "ಐದ್ರುದ್ದು ಐತೆ ಕಣಣ್ಣಾ, ಮೇಷ್ಟ್ರಿಗೆ ತರ್ಸೋದು. ನಾಕ್ ತುಂಡ್ ಮಾಡ್ಕಂಡು ದಿನುಕ್ಕೊಂದು ನುಂಗು" ಎಂದ ಅಂಗಡಿಯವನು. ಮಾತ್ರೆಯ ಹಾಳೆಯನ್ನಷ್ಟೇ ಕೊಟ್ಟ. ಡಬ್ಬಿ, ಡಬ್ಬಿಯೊಳಗಿನ ಕಾಗದ ಅಂಗಡಿಯಲ್ಲೇ ಉಳಿಯಿತು.

ಮೊದಲ ಮಾತ್ರೆಯನ್ನು ಬ್ಲೇಡಿನಲ್ಲಿ ಕತ್ತರಿಸಲು ಹೋಗಿ ಪುಡಿ ಮಾಡಿದೆ. ವಾರ್ನಿಷು ಮೆತ್ತಿದ ನನ್ನ ದಪ್ಪ ಬೆರಳಿಗೆ ಅದು ಸಿಗಲಿಲ್ಲ. ಹೆಂಡತಿ ಜಗಲಿಯ ಮೇಲೆ ನಮ್ಮವ್ವನಿಗೆ ಅಡಕೆ ಕತ್ತರಿಸುತ್ತಿದ್ದಳು. ಅವ್ವನಿಗೆ ಹಲ್ಲಿಲ್ಲ, ಅಡಕೆ ಹೂವಿನ ಎಸಳಿನ ಹಾಗೆ ಇರಬೇಕು. ಆ ಕತ್ತರಿ ಅವ್ವನ ತೌರಿನಿಂದ ಬಂದದ್ದು, ಹಿತ್ತಾಳೆ ಹಿಡಿಯದು.

"ಕೊಡಿ ಇಲ್ಲಿ" ಎಂದಳು. ಒಂದು ಒತ್ತಿಗೆ ಎರಡು, ಇನ್ನೊಂದು ಒತ್ತಿಗೆ ನಾಲ್ಕು. ತಕ್ಕಡಿಯಲ್ಲಿ ಇಟ್ಟರೂ ಹೆಚ್ಚುಕಮ್ಮಿ ಬರುವಂತಿರಲಿಲ್ಲ.

"ಏನ್ ಮಾತ್ರೆ?"

"ಗ್ಯಾಸ್ಟ್ರಿಕ್."

ಅವತ್ತಿನಿಂದ ಪ್ರತಿ ಭಾನುವಾರ ಸ್ನಾನವಾದ ಮೇಲೆ ಎರಡು ಮಾತ್ರೆ ಕತ್ತರಿಸಿ ಎಂಟು ತುಂಡು ಮಾಡಿ ಒಂದು ತಗಡಿನ ಡಬ್ಬಿಗೆ ಹಾಕಿಡುವುದು ಅವಳ ಕೆಲಸವಾಯಿತು. ಕತ್ತರಿಯ ಅಲಗಿಗೆ ಅಂಟಿದ ಬಿಳಿ ಪುಡಿಯನ್ನೂ ಬಿಡುತ್ತಿರಲಿಲ್ಲ. "ದಂಡ ಯಾಕೆ" ಎಂದು ಬೆರಳ ತುದಿಯಲ್ಲಿ ಒತ್ತಿ ತೆಗೆದು ನನ್ನ ಅಂಗೈಗೆ ತಟ್ಟುತ್ತಿದ್ದಳು. ಉಳಿದದ್ದನ್ನು ಸೆರಗಿಗೆ ಒರೆಸಿಕೊಂಡು ಅಡಕೆಗೆ ಕೈ ಹಾಕುತ್ತಿದ್ದಳು.

ಡಾಕ್ಟರು ಹೇಳಿದಂತೆ ಎರಡನೇ ತಿಂಗಳು ದಿಂಬಿನ ತುಂಬ ಕೂದಲು. ಆರು ತಿಂಗಳಿಗೆ ನೆತ್ತಿ ಸವರಿದರೆ ಜೋಳದ ತೆನೆಯ ರೇಷ್ಮೆಯಂಥದು ಏನೋ ಕೈಗೆ ತಾಗಿತು. ವರ್ಷಕ್ಕೆ ಅದು ಕಪ್ಪಾಗಿ ನೆತ್ತಿ ಮುಚ್ಚಿತು. ಮೊದಲಿನಷ್ಟಲ್ಲ, ಆದರೂ ಗಿರಾಕಿಗಳ ಬಾಯಿ ಮುಚ್ಚಲು ಸಾಕಿತ್ತು. ಕನ್ನಡಿ ಮತ್ತೆ ಗೋಡೆಗೆ ಬಂತು. "ಏನಣ್ಣಾ, ಯಾವ್ ಕಂಪ್ನಿ ತಂತಿ ಆಕ್ದೆ?" ಎಂದು ಅದೇ ಮೀಸೆಯವನು ಕೇಳಿದ. "ನಮ್ ವಂಶುದ್ದು ಕಣ್ಲಾ, ತಡುವಾಗ್ ಬತ್ತದೆ" ಎಂದೆ. ಅಷ್ಟರಲ್ಲಿ ಮದುವೆಯಾಗಿ ಮೂರನೆಯ ವರ್ಷ ನಡೆಯುತ್ತಿತ್ತು. ಹೆಂಡತಿ ಬಸುರಿಯಾದಳು. ಎರಡೂ ಸಂತೋಷ ಒಟ್ಟಿಗೇ ಬಂದವು. ಭಾನುವಾರದ ಕತ್ತರಿ ಕೆಲಸ ಮಾತ್ರ ಹಾಗೇ ನಡೆಯಿತು. ನಿಲ್ಲಿಸಬೇಕೆಂದು ಯಾರಿಗೆ ಗೊತ್ತಿತ್ತು?

ನಾಲ್ಕನೇ ತಿಂಗಳಿನ ಒಂದು ಭಾನುವಾರ ಮೇಷ್ಟರು ಮೋಟಾರು ನಿಂತಿದೆ ಎಂದು ಕರೆಯಲು ಮನೆಗೇ ಬಂದರು. ಅವಳು ಜಗಲಿಯ ಮೇಲೆ ಕೂತು ಮಾತ್ರೆ ಕತ್ತರಿಸುತ್ತಿದ್ದಳು. ಮೇಷ್ಟರು ಅವಳ ಕೈ ನೋಡಿದರು, ಮೇಲೆದ್ದಿದ್ದ ಹೊಟ್ಟೆ ನೋಡಿದರು. ಅವರ ಹಿತ್ತಲಿಗೆ ಹೋಗಿ ನಾನು ಸ್ಪ್ಯಾನರ್ ಹಾಕಿದ ಮೇಲೆ ಮೆಲ್ಲಗೆ, "ಅದು ನನ್ನ ಮಾತ್ರೇನೇ ಅಲ್ವೇನಪ್ಪಾ?" ಎಂದರು.

ಹೌದೆಂದೆ.

ಒಳಗೆ ಹೋಗಿ ಪಂಚಾಂಗದ ನಡುವಿನಿಂದ ನಾಲ್ಕು ಮಡಿಕೆಯ ತೆಳ್ಳನೆಯ ಕಾಗದ ತಂದರು. ಮಾತ್ರೆಯ ಡಬ್ಬಿಯೊಳಗೆ ಬರುವ ಕಾಗದ. ಒಂದು ಸಾಲಿನ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಓದಿ, ಕ್ಲಾಸಿನಲ್ಲಿ ಹೇಳುವಂತೆ ಕನ್ನಡದಲ್ಲಿ ಹೇಳಿದರು. "ಬಸುರಿ ಹೆಂಗಸರು ಒಡೆದ ಮಾತ್ರೇನ, ಪುಡಿಯಾದ ಮಾತ್ರೇನ ಕೈಯಲ್ಲಿ ಮುಟ್ಟಬಾರದು. ಇಡೀ ಮಾತ್ರೆಗೆ ಮೇಲೊಂದು ಲೇಪ ಇರುತ್ತೆ, ಮುಟ್ಟಿದರೆ ಏನೂ ಆಗಲ್ಲ. ಒಡೆದರೆ ಔಷಧಿ ಚರ್ಮದ ಮೂಲಕ ಒಳಗೆ ಹೋಗಬಹುದು. ಹೊಟ್ಟೇಲಿರೋದು ಗಂಡಾದರೆ, ಆ ಮಗುವಿನ ಗಂಡು ಅಂಗ ಸರಿಯಾಗಿ ಬೆಳೀದೆ ಇರಬಹುದು." ನನ್ನ ಮುಖ ನೋಡಿ, "ಬಹುದು ಅಂತ ಬರೆದಿದೆ, ಆಗುತ್ತೆ ಅಂತ ಬರೆದಿಲ್ಲ" ಎಂದು ಸೇರಿಸಿದರು.

ತಾಮ್ರದ ತಂತಿಯ ಮೇಲೆ ಕಣ್ಣಿಗೆ ಕಾಣದ ಇನಾಮಲ್ ಲೇಪ ಇರುತ್ತದೆ. ಅದು ಒಂದು ಕಡೆ ಕೆರೆದುಹೋದರೂ ಮೋಟಾರು ಸುಡುತ್ತದೆ. ಹದಿನೈದು ವರ್ಷ ಗಿರಾಕಿಗಳಿಗೆಲ್ಲ ನಾನೇ ಹೇಳಿಕೊಂಡು ಬಂದ ಪಾಠ ಅದು. ಮೇಷ್ಟರ ಮೋಟಾರನ್ನು ಬಿಚ್ಚಿದ್ದಲ್ಲೇ ಬಿಟ್ಟು ಎದ್ದೆ.

ಮನೆಗೆ ಬಂದವನೇ ಡಬ್ಬಿಯನ್ನೂ ಕತ್ತರಿಯನ್ನೂ ಅಂಗಿಯೊಳಗೆ ಇಟ್ಟುಕೊಂಡು ಅಂಗಡಿಗೆ ಹೋದೆ. ತುಂಡುಗಳನ್ನು ವಾರ್ನಿಷಿನ ಹಳೆಯ ಡಬ್ಬಕ್ಕೆ ಸುರಿದೆ. ಕತ್ತರಿಯನ್ನು ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಮತ್ತೆ ತೊಳೆದು, ಗುಜರಿ ತಂತಿಯ ಚೀಲದೊಳಗೆ ತುರುಕಿದೆ. ಹೆಂಡತಿಗೆ, "ಮಾತ್ರೆ ಸಾಕು ಅಂದ್ರು ಡಾಕ್ಟ್ರು" ಎಂದಷ್ಟೇ ಹೇಳಿದೆ.

ಆಮೇಲಿನ ದಿನಗಳಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸುತ್ತು ಎಣಿಸುತ್ತಾ ಎಣಿಸುತ್ತಾ ನಲವತ್ತಕ್ಕೋ ಐವತ್ತಕ್ಕೋ ಲೆಕ್ಕ ಕೈಬಿಡುತ್ತಿತ್ತು. ಅವಳು ಎಷ್ಟು ಭಾನುವಾರ ಕತ್ತರಿಸಿದಳು ಎಂಬ ಲೆಕ್ಕಕ್ಕೆ ಮನಸ್ಸು ಹೊರಟುಹೋಗುತ್ತಿತ್ತು. ಎದ್ದು ಹೇಮಾವತಿ ಸೇತುವೆಯ ತನಕ ನಡೆದು ವಾಪಸು ಬರುತ್ತಿದ್ದೆ. ಮೀಸೆಯವನ ಮೋಟಾರು ವಾರಕ್ಕೇ ವಾಪಸು ಬಂತು. "ಇದೇನಣ್ಣಾ, ಅರ್ಧ ಗಂಟೆಗೇ ಕಾದ್ ಕೂತ್ಕತದೆ" ಎಂದ. ಬಿಚ್ಚಿದೆ. ಸುತ್ತು ಕಡಿಮೆಯಿತ್ತು. ನನ್ನ ಜೀವಮಾನದಲ್ಲಿ ಮೊದಲ ಸಲ. ಅವನು ತಮಾಷೆ ಮಾಡಿದ್ದರೆ ಚೆನ್ನಾಗಿತ್ತು, ಮಾಡಲಿಲ್ಲ.

ಹಾಸನದ ಡಾಕ್ಟರ ಹತ್ತಿರ ಹೋದೆ. ಕೇಳಿಸಿಕೊಂಡು, "ನಾನು ಅವತ್ತೇ ಹೇಳಿದ್ನಲ್ರೀ" ಅಂದರು.

"ಹೇಳಿದ್ರಿ ಸಾ. ನಂಗೆ ಅರ್ಥ ಆಗಿರ್ಲಿಲ್ಲ."

ಹಾಗೆ ಇನ್ನೊಬ್ಬರ ಮುಂದೆ ನಾನು ಹೇಳಿದ್ದು ಅದೇ ಮೊದಲು. ಡಾಕ್ಟರು ಪೆನ್ನು ಕೆಳಗಿಟ್ಟರು. ಈ ಸಲ ಹೆಚ್ಚು ಇಂಗ್ಲಿಷಿಲ್ಲದೆ ಹೇಳಿದರು. ಬೆರಳಿನ ಮೂಲಕ ಹೋಗುವುದು ತೀರಾ ಸ್ವಲ್ಪ, ಬಹಳ ಮಟ್ಟಿಗೆ ಏನೂ ಆಗುವುದಿಲ್ಲ, ಆದರೂ ಆಗುವುದೇ ಇಲ್ಲ ಎಂದು ಬರೆದುಕೊಡಲು ತನ್ನಿಂದಾಗದು. ನಾನು ನುಂಗಿದ್ದರಿಂದಲ್ಲ, ಅವಳು ಮುಟ್ಟಿದ್ದರಿಂದ ಈ ಯೋಚನೆ. ಆಗಿದ್ದರೆ ಮೂತ್ರ ಬರುವ ರಂಧ್ರ ಇರಬೇಕಾದ ಜಾಗದಲ್ಲಿ ಇಲ್ಲದೆ ಕೆಳಗೆ ಇರಬಹುದು. ಅದಕ್ಕೂ ಆಪರೇಷನ್ ಇದೆ. "ಹೆಣ್ಣಾದರೆ ಈ ಭಯ ಇಲ್ಲ. ಹೆರಿಗೆ ಡಾಕ್ಟರಿಗೆ ಹೇಳಿ. ಅದಕ್ಕೂ ಮೊದಲು ನಿಮ್ಮ ಹೆಂಡತಿಗೆ ಹೇಳಿ" ಎಂದರು.

ಹೇಳಲಿಲ್ಲ. ಇವತ್ತು, ನಾಳೆ, ಅಮಾವಾಸ್ಯೆ ಕಳೆಯಲಿ ಎಂದು ದಿನ ದೂಡಿದೆ. ಕೂದಲಿಗಾಗಿ ಎಂದು ಅವಳ ಮುಂದೆ ಹೇಗೆ ಬಾಯಿ ಬಿಡುವುದು?

ಅಷ್ಟರಲ್ಲಿ ಮನೆಯಲ್ಲಿ ಕತ್ತರಿಯ ಗಲಾಟೆ ಎದ್ದಿತ್ತು. ಅವ್ವ ಅಟ್ಟ, ಒಲೆ ಸಂದು, ಅಕ್ಕಿ ಡ್ರಮ್ಮು ಎಲ್ಲ ಹುಡುಕಿಸಿತು. ಅಡಕೆಯಿಲ್ಲದೆ ಬರೀ ಎಲೆ ಅಗಿದು ಸಿಟ್ಟು ನೆತ್ತಿಗೇರಿತ್ತು. ಹಿಂದಿನ ವಾರ ಹೆಂಡತಿಯ ತಮ್ಮ ಮಲ್ಲಿಪಟ್ಟಣದಿಂದ ಬಂದುಹೋಗಿದ್ದ. ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಅವ್ವ ಶುರು ಮಾಡಿತು.

"ನಮ್ಮವ್ವ ಕೊಟ್ಟಿದ್ ಕತ್ರಿ. ನಲ್ವತ್ ವರ್ಸ ಈ ಮನೇಲಿತ್ತು. ತಮ್ಮ ಬಂದ, ಕತ್ರಿ ಓಯ್ತು. ನಾನೇನೂ ಅನ್ನಲ್ಲ."

"ಅಂದಂಗೇ ಆಯ್ತಲ್ಲತ್ತೆ" ಎಂದಳು ಹೆಂಡತಿ. "ನಮ್ ತೌರ್ ಮನೇಲಿ ಕತ್ರಿಗೆ ಬರ ಬಂದಿಲ್ಲ."

"ಬರ ಇಲ್ದೋರೇ ತಗಂಡೋಗೋದು ಕಣವ್ವಾ."

ಅವಳು ಸಾರಿನ ಸೌಟು ಹಿಡಿದು ನಿಂತಿದ್ದಳು. ಅಳಲಿಲ್ಲ. ನನ್ನ ಕಡೆ ಒಂದು ಸಲ ನೋಡಿದಳು. ಏನಾದರೂ ಹೇಳುತ್ತೀನೇನೋ ಎಂದು. ನಾನು ಮುದ್ದೆ ಮುರಿದೆ, ಬಾಯಿಗೆ ಹೋಗಲಿಲ್ಲ. ಕೈ ತೊಳೆದು ಅಂಗಡಿಗೆ ಹೋಗಿ ಕತ್ತರಿ ತಂದು ಅವ್ವನ ಮುಂದಿಟ್ಟೆ. "ನಾನೇ ತಗಂಡೋಗಿದ್ದೆ" ಎಂದೆ. ಅವ್ವ ಪೆಟ್ರೋಲಿನ ವಾಸನೆ ನೋಡಿ, "ಇದ್ರಲ್ಲಿ ತಂತಿ ಕತ್ತರ್ಸಿದ್ಯೇನ್ಲಾ ಅನಿಷ್ಟವೇ?" ಎಂದಿತು. ಹೂಂ ಎಂದೆ.

ಹಿತ್ತಲಿಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದಳು.

"ಕೂದ್ಲಿಗೆ ಅನ್ನೋದು ನಂಗೊತ್ತಿತ್ತು" ಎಂದಳು. "ಗ್ಯಾಸ್ಟ್ರಿಕ್ ಮಾತ್ರೆ ನುಂಗುದ್ರೆ ನೆತ್ತಿ ಮೇಲೆ ಕೂದ್ಲು ಉಟ್ತದಾ? ನಿಮ್ಗೆ ನಾಚ್ಕೆ ಅಂತ ಸುಮ್ನಿದ್ದೆ. ಆ ಕಾಗ್ದ ತಂದು ನನ್ ಕೈಗ್ ಕೊಟ್ಟಿದ್ರೆ, ನಾಕಕ್ಷರ ಕೂಡ್ಸಿ ಓದ್ತಿರ್ಲಿಲ್ವಾ ನಾನು?"



ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಎಣ್ಣಾದ್ರೆ?" ಎಂದಳು.

"ಎಣ್ಣಾದ್ರೆ ಏನೂ ಇಲ್ಲ ಅಂದ್ರು."

"ಅಂಗಾದ್ರೆ ಎಣ್ಣೇ ಬೇಡ್ಕಳಾನ."

ಮನೆಯೊಳಗೆ ಅವ್ವ ಗಂಡು ಮಗುವಿಗಾಗಿ ಸೋಮವಾರ ಒಪ್ಪತ್ತು ಮಾಡುತ್ತಿತ್ತು. ನಾವಿಬ್ಬರೂ ಅದೇ ದೇವರಿಗೆ ಅದೇ ದೀಪದ ಮುಂದೆ ಹೆಣ್ಣು ಕೊಡು ಎಂದು ಕೈ ಮುಗಿಯುತ್ತಿದ್ದೆವು.

ಹೆರಿಗೆ ಡಾಕ್ಟರಿಗೆ ವಿಷಯ ತಿಳಿಸಿದೆವು. ಅವರು ಹಾಸನದಲ್ಲಿ ಸ್ಕ್ಯಾನಿಂಗ್ ಮಾಡಿಸಿ ಎಂದು ಬರೆದುಕೊಟ್ಟರು. ಸ್ಕ್ಯಾನಿಂಗ್ ಮಾಡುವವರಿಗೆ ನಾನು ಆ ಚೀಟಿ ಕೊಡುವುದಕ್ಕೆ ಮೊದಲೇ, ತಡೆಯಲಾರದೆ, "ಗಂಡೋ ಎಣ್ಣೋ ಅಂತ..." ಎಂದುಬಿಟ್ಟೆ. ಅವರ ಮುಖ ಗಂಟಾಯಿತು. "ಗೋಡೆ ಮೇಲೆ ಇಷ್ಟು ದೊಡ್ಡ ಬೋರ್ಡ್ ಹಾಕಿದೀವಿ. ಓದಕ್ಕೆ ಬರಲ್ವೇನ್ರೀ?" ಎಂದರು. ಭ್ರೂಣದ ಲಿಂಗ ಹೇಳುವುದು ಅಪರಾಧ ಎಂಬ ಬೋರ್ಡು. ಓದಲು ಬರುತ್ತಿತ್ತು. ಹೆಣ್ಣಾದರೆ ತೆಗೆಸಲು ಬಂದವನೆಂದು ಅವರು ತಿಳಿದರು. ಹೆಣ್ಣೇ ಇರಲಿ ಎಂದು ಬೇಡುತ್ತಿದ್ದವನು ಆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತೆ. ಮಗು ಬೆಳವಣಿಗೆ ಚೆನ್ನಾಗಿದೆ, ಆ ಭಾಗ ಈಗ ಸರಿಯಾಗಿ ಕಾಣುತ್ತಿಲ್ಲ, ಹುಟ್ಟಿದ ಮೇಲೆಯೇ ನೋಡಬೇಕು ಎಂದು ಆಮೇಲೆ ಬರೆದುಕೊಟ್ಟರು.

ಏಳನೇ ತಿಂಗಳಿಗೆ ಚೊಚ್ಚಲ ಹೆರಿಗೆಗೆಂದು ಅವಳು ತೌರಿಗೆ ಹೋದಳು. ನಾನು ಅಂಗಡಿಯಲ್ಲಿ ಫೋನಿನ ಪಕ್ಕದಲ್ಲೇ ಮಣೆ ಹಾಕಿಕೊಂಡೆ. ಒಂದು ಬೆಳಗ್ಗೆ ಅರಕಲಗೂಡಿನ ಎಸ್‌ಟಿಡಿ ಬೂತಿನಿಂದ ಬಾಮೈದ ಮಾತಾಡಿದ. "ಗಂಡು ಕಣ್ ಬಾವ" ಎಂದ. ನಾನು, "ಎಂಗವ್ನೆ?" ಎಂದೆ. "ಗಂಡು ಅಂದ್ನಲ್ಲ ಬಾವ, ಸ್ವೀಟ್ ತತ್ತಾ" ಎಂದು ಇಟ್ಟುಬಿಟ್ಟ.

ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ. ಪಕ್ಕದವನು, "ಕೂತ್ಕಳಿ, ಅರಕಲಗೂಡ್ ಎಲ್ಲೂ ಓಡೋಗಲ್ಲ" ಎಂದ. ಆಸ್ಪತ್ರೆಯ ವಾರ್ಡಿನಲ್ಲಿ ಅತ್ತೆ ಮಗುವನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ನಾನು ಮುಖ ನೋಡಲಿಲ್ಲ. ಕೂತವನೇ ಬಟ್ಟೆ ಬಿಚ್ಚಿದೆ.

"ಏನಳಿಯಂದ್ರೇ, ಗಂಡು ಅಂತ ನಾವ್ ಏಳುದ್ರೆ ನಂಬ್ಕೆ ಇಲ್ವಾ?" ಎಂದರು ಅತ್ತೆ. ಸುತ್ತಲಿನ ಮಂಚದವರು ನಕ್ಕರು.

"ನೋಡ್ಲಿ ಬುಡವ್ವಾ" ಎಂದಳು ಹೆಂಡತಿ, ಮಲಗಿದ್ದಲ್ಲಿಂದ. ಆಮೇಲೆ ನನಗಷ್ಟೇ ಕೇಳುವಂತೆ, "ಡಾಕ್ಟ್ರು ದೀಪ ಇಟ್ಟು ನೋಡುದ್ರು. ಎಲ್ಲಾ ಸರ್ಯಾಗೈತಂತೆ" ಎಂದಳು.

ನಾನು ಆದರೂ ನೋಡುತ್ತಲೇ ಇದ್ದೆ. ಇವನು ಕಾಲು ಒದ್ದು ಒಂದು ಸಲ ಮುಖ ಕಿವುಚಿ, ನೇರವಾಗಿ ನನ್ನ ಅಂಗಿಯ ಎದೆಯ ತನಕ ಹಾರುವಂತೆ ಉಚ್ಚೆ ಹೊಯ್ದ. ಅತ್ತೆ ಸೀರೆ ಎಳೆದುಕೊಂಡರು. ನಾನು ಹಾಗೇ ಕೂತಿದ್ದೆ. ಅಂಗಿ ಒದ್ದೆಯಾಗಿ ಮೈಗೆ ಅಂಟಿದ ಮೇಲೆ ಉಸಿರು ಬಂತು.

ಆ ಪುಡಿ ಅವಳ ಬೆರಳಿನಿಂದ ಒಳಗೆ ಹೋಗಿತ್ತೋ ಇಲ್ಲವೋ, ಹೋಗಿದ್ದರೆ ಎಷ್ಟು, ಇದೆಲ್ಲ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಮಗ ಸ್ಕೂಲಿಗೆ ಹೋಗುವಷ್ಟಾದ ಮೇಲೂ ಸ್ನಾನ ಮಾಡಿಸುವಾಗ ನಾನು ಒಂದು ಸಲ ನೋಡುತ್ತಿದ್ದೆ.

ಡಾಕ್ಟರು ಹೇಳಿದ್ದ ಲೆಕ್ಕಕ್ಕೆ ಸರಿಯಾಗಿ, ಮಾತ್ರೆ ಬಿಟ್ಟು ವರ್ಷದೊಳಗೆ ಬಂದ ಕೂದಲೆಲ್ಲ ಹೋಯಿತು. ಮೀಸೆಯವನು, "ಆ ತಂತೀನೂ ಸುಟ್ಟೋಯ್ತಾ?" ಎಂದ. "ಓಯ್ತು ಕಣ್ಲಾ" ಎಂದು ಹೇಳಿ ಅವನ ಮೋಟಾರಿನ ಮೇಲೆ ಬಗ್ಗಿದೆ. ಈ ಸಲ ಎರಡು ಬಾರಿ ಎಣಿಸಿದೆ.

ಹೆಂಡತಿ ಕೂಸಿನ ಜೊತೆ ಐದು ತಿಂಗಳಿಗೆ ಮನೆಗೆ ಬಂದಳು. ಮತ್ತೆ ಆ ಮಾತು ಎತ್ತಲಿಲ್ಲ, ಹಂಗಿಸಲಿಲ್ಲ. ಆದರೆ ಅಡಕೆ ಕತ್ತರಿಯನ್ನು ಮಾತ್ರ ಮುಟ್ಟಲಿಲ್ಲ. ಅವ್ವ ಕೇಳಿದರೆ, "ನಿಮ್ ಮಗನ್ ಕೈಲಿ ಕತ್ತರ್ಸ್ಕಳಿ" ಎನ್ನುತ್ತಿದ್ದಳು. ಅಂದಿನಿಂದ ದಿನಾ ಅಂಗಡಿಗೆ ಹೊರಡುವ ಮುಂಚೆ ಜಗಲಿಯ ಮೇಲೆ ಕೂತು ಅವ್ವನಿಗೆ ನಾನೇ ಅಡಕೆ ಕತ್ತರಿಸಿದೆ. ಕೂದಲೆಳೆ ಗಾತ್ರದ ತಂತಿ ಸುತ್ತುವ ಕೈಗೆ ಅದೊಂದು ಬರಲಿಲ್ಲ.

"ಇದೇನ್ಲಾ, ಒಂದು ಗೋಲಿಯಷ್ಟು, ಒಂದು ಹಿಟ್ಟಿನಂಗೆ" ಎಂದು ಅವ್ವ ತಟ್ಟೆ ಅಲ್ಲಾಡಿಸುತ್ತಿತ್ತು. ಒಳಗಿನಿಂದ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. ಎದ್ದು ಬರುತ್ತಿರಲಿಲ್ಲ.